ಕರಿಬಯಲಿಗೆ ಹೋದ ಅರಮನೆ ಒಲೆ

"ಈ ಮಲ್ಲಭೂಪನ ಮಾತೆಂದರೆ ಕಲ್ಲಿನಲ್ಲಿ ಕೆತ್ತಿದ ಅಕ್ಷರ!" ಹೊನ್ನಗುಂಡಿಯ ದೊರೆ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ. "ಕರಿಬಯಲಿನಲ್ಲಿ ಒಂದು ಪೇಟೆ ಕಟ್ಟಿಸುತ್ತೇನೆ. ಅಂಥದ್ದು ನಾಡಿನಲ್ಲೇ ಇನ್ನೊಂದಿರಬಾರದು!"

ಸಭೆಯವರು "ಭಲೇ ಭಲೇ" ಎಂದರು. ಎಂದವರೆಲ್ಲ ತಲೆ ತಗ್ಗಿಸಿ ನೆಲ ನೋಡಿದರು.

ದೊರೆ ಕೆಟ್ಟವನಲ್ಲ. ಆದರೆ ಅವನ ಉತ್ಸಾಹ ಒಣಹುಲ್ಲಿಗೆ ಬಿದ್ದ ಬೆಂಕಿ. ಭಗ್ಗನೆ ಏಳುತ್ತಿತ್ತು, ತಿರುಗಿ ನೋಡಿದರೆ ಬೂದಿ. ಕುದುರೆ ಸಂತೆ ಶುರುಮಾಡಿದ, ಮರೆತ. ಹೊಳೆಯಾಚೆ ನೇಕಾರರ ಕೇರಿಗೆ ಗುದ್ದಲಿಪೂಜೆ ಮಾಡಿದ. ಬಾವಿ ಅರ್ಧ ತೋಡುವಷ್ಟರಲ್ಲಿ ನವಿಲು ಸಾಕುವ ಹುಚ್ಚು ಹಿಡಿಯಿತು. ನಂಬಿ ಬಂದಿದ್ದ ನೇಕಾರರು ನೀರಿಲ್ಲದೆ ಮಗ್ಗ ಬಿಚ್ಚಿ, ಗಾಡಿಗೆ ಹೇರಿಕೊಂಡು ವಾಪಸು ಹೋದರು.

ಇದೆಲ್ಲ ನೆನಪಾಗಿ ಆಸ್ಥಾನದ ಮಾತಿನಮಲ್ಲ ಸಂಗರಸನಿಗೆ ನಗು ತಡೆಯಲಾಗಲಿಲ್ಲ. ದೊರೆಯ ಕಣ್ಣಿಗೆ ಅದು ಬಿತ್ತು.

"ಏನಯ್ಯಾ ಸಂಗರಸ, ಹಲ್ಲು ಕಿರಿಯುತ್ತೀಯಾ? ಆ ಪೇಟೆಯ ಹೊಣೆ ನಿನ್ನದೇ! ಯುಗಾದಿಯೊಳಗೆ ಅಲ್ಲಿ ಜನ ನೆಲೆಸಿರಬೇಕು. ಇಲ್ಲವಾದರೆ ಈ ಸಭೆಯ ಬಾಗಿಲು ನಿನಗೆ ಮುಚ್ಚಿತೆಂದೇ ತಿಳಿ."

ಸಂಗರಸ ನಗು ನುಂಗಿ ತಲೆಬಾಗಿದ.

ಮರುದಿನ ಅವನು ನೇಕಾರರ ಯಜಮಾನ ಗುರುಶಾಂತಪ್ಪನ ಮನೆಗೆ ಹೋದ. ಗುರುಶಾಂತಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಲೂ ಇಲ್ಲ.

"ಒಮ್ಮೆ ಬಂದು ಕೆಟ್ಟಿದ್ದೇವೆ ಸ್ವಾಮಿ. ಅರ್ಧ ಬಾವಿಯಲ್ಲಿ ಬಗ್ಗಿ ನೋಡಿದರೆ ನಮ್ಮ ಮುಖವೂ ಕಾಣಲಿಲ್ಲ."

"ಈ ಸಲ ಜಾಗ ಬಿಟ್ಟಿ, ಸುಂಕವಿಲ್ಲ."

"ಜಾಗ ಯಾರಿಗೆ ಬೇಕು? ದೊರೆಗಳು ಬರುತ್ತಾ ಇರುತ್ತಾರಾ, ಅದನ್ನು ಹೇಳಿ. ತೆಂಗಿನಕಾಯಿ ಒಡೆಯಲು ಎಲ್ಲರೂ ಬರುತ್ತಾರೆ. ಸಸಿಗೆ ನೀರು ಹಾಕಲು ಯಾರು ಬರುತ್ತಾರೆ?"

ಸಂಗರಸ ಎದ್ದು ಹೊರಟ. ದಾರಿಯುದ್ದಕ್ಕೂ ಮುಖ ಸಣ್ಣದು ಮಾಡಿಕೊಂಡು ನಡೆದ. ಆದರೆ ಅರಮನೆಯ ಹಿತ್ತಿಲ ಬಾಗಿಲ ಹತ್ತಿರ ಬಂದಾಗ ಎಣ್ಣೆಗಾಯಿಯ ಘಮ ಮೂಗಿಗೆ ಬಡಿಯಿತು. ಒಂದು ಗಳಿಗೆ ನಿಂತ. ಆಮೇಲೆ ನೆಟ್ಟಗೆ ಅಡುಗೆಮನೆಗೆ ನುಗ್ಗಿದ.

"ಚೆನ್ನಾಜಮ್ಮ, ಅರಮನೆ ಬಿಟ್ಟು ಬರ್ತೀಯಾ?"

ದೊರೆಯ ಅಡುಗೆಯಾಕೆ ಚೆನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಹೊಗೆಯಲ್ಲಿ ಕಣ್ಣೇ ಹೋಯಿತಪ್ಪ. ಗಾಳಿ ಬೆಳಕು ಇರೋ ಕಡೆ ಒಲೆ ಹಾಕಿಕೊಡು, ಈಗಲೇ ಹೊರಟೆ."

ಮಾರನೆಯ ದಿನ ಸಂಗರಸ ಸಭೆಯಲ್ಲಿ ಕೈಮುಗಿದು ನಿಂತ. "ಪ್ರಭು, ಪೇಟೆ ಕಟ್ಟಲು ಅರಮನೆಯಿಂದ ಒಬ್ಬರನ್ನು ಕೊಡಬೇಕು. ಊರು ತುಂಬುವವರೆಗೆ ಅವರನ್ನು ವಾಪಸು ಕರೆಸಬಾರದು."

"ಒಬ್ಬರೇ? ಬೇಕಾದರೆ ಮಂತ್ರಿಯನ್ನೇ ಒಯ್ಯಿ! ಕೊಟ್ಟೆ, ಇದು ನನ್ನ ಮಾತು."

"ಮಂತ್ರಿಗಳು ಬೇಡ. ಚೆನ್ನಾಜಮ್ಮ ಸಾಕು."

ದೊರೆಯ ಬಾಯಿ ತೆರೆದದ್ದು ತೆರೆದೇ ಇತ್ತು. ತುಂಬಿದ ಸಭೆಯಲ್ಲಿ ಆಡಿದ ಮಾತು, ನುಂಗುವಂತಿಲ್ಲ.

ಚೆನ್ನಾಜಮ್ಮ ಕರಿಬಯಲಿನಲ್ಲಿ ಒಲೆ ಹೂಡಿದಳು. ಇತ್ತ ದೊರೆ ಹೊಸ ಅಡುಗೆಯವನ ರೊಟ್ಟಿ ಮುರಿಯಲು ಹೋದರೆ ಅದು ಬಾಗಿತೇ ಹೊರತು ಮುರಿಯಲಿಲ್ಲ. ಊಟ ಅಲ್ಲಿಂದಲೇ ಕಳಿಸು ಎಂದು ಸವಾರನನ್ನು ಅಟ್ಟಿದ. ಅವನು ಬರಿಗೈಯಲ್ಲಿ ಬಂದ.

"ರೊಟ್ಟಿ ಒಲೆಯಿಂದ ನೇರ ತಟ್ಟೆಗೆ ಬೀಳಬೇಕಂತೆ ಪ್ರಭು. ಕುದುರೆ ಹತ್ತಿದರೆ ಚಕ್ಕಳ ಆಗುತ್ತದಂತೆ."

ಮರುದಿನ ದೊರೆ ಗಂಭೀರವಾಗಿ ಸಾರಿದ: "ಪೇಟೆಯ ಕೆಲಸ ನಾವೇ ಕಣ್ಣಾರೆ ನೋಡಬೇಕು. ಊಟದ ಹೊತ್ತಿಗೆ ಸರಿಯಾಗಿ ಹೊರಡೋಣ."

ಹೋದ. ಎಣ್ಣೆಗಾಯಿ, ಬಿಸಿರೊಟ್ಟಿ, ಗುರೆಳ್ಳು ಚಟ್ನಿ ಹೊಡೆದು ತೇಗಿದ. ಮರುದಿನವೂ ಕೆಲಸ ನೋಡಬೇಕೆನಿಸಿತು. ಅದರ ಮರುದಿನವೂ.

ದಾರಿಯ ಕಲ್ಲಿಗೆ ಪಲ್ಲಕ್ಕಿ ಎಗರಿ ದೊರೆಯ ಸೊಂಟ ಉಳುಕಿತು. ರಸ್ತೆ ಹಸನಾಯಿತು. ಕುಡಿದ ನೀರು ಉಪ್ಪೆನಿಸಿತು. ಸಿಹಿನೀರಿನ ಬಾವಿಯಾಯಿತು, ಈ ಸಲ ಪೂರ್ತಿ. ನೆತ್ತಿ ಸುಟ್ಟಿತು. ಸಾಲಾಗಿ ಬೇವಿನ ಸಸಿ ನೆಟ್ಟರು. ದೊರೆ ತಾನೇ ದಿನಾ ಬಂದು "ಇದಕ್ಕೆ ನೀರು ಹಾಕಿದಿರಾ?" ಎಂದು ಗದರುತ್ತಿದ್ದ.

ದೂರದಿಂದ ನೋಡುತ್ತಿದ್ದ ಗುರುಶಾಂತಪ್ಪ ಹೆಂಡತಿಗೆ ಹೇಳಿದ: "ಹಿಂದೆ ಡೋಲು ಬಡಿಸಿಕೊಂಡು ಒಂದು ಸಲ ಬಂದಿದ್ದರು. ಈಗ ಡೋಲಿಲ್ಲದೆ ದಿನಾ ಬರುತ್ತಿದ್ದಾರೆ. ಮಗ್ಗ ಬಿಚ್ಚು, ಹೋಗೋಣ."

ಅವನ ಹಿಂದೆ ಬಣ್ಣದವರು ಬಂದರು, ಎಣ್ಣೆ ಗಾಣದವರು ಬಂದರು, ಬಳೆಗಾರರು ಬಂದರು. ಯುಗಾದಿಯ ಹೊತ್ತಿಗೆ ಕರಿಬಯಲಿನಲ್ಲಿ ಪೇಟೆ ಗಿಜಿಗುಟ್ಟುತ್ತಿತ್ತು.

ಹಬ್ಬದ ದಿನ ದೊರೆ ಹೋಳಿಗೆ ಮುಗಿಸಿ, ಮಜ್ಜಿಗೆ ಕೈಗೆತ್ತಿಕೊಂಡು ಘೋಷಿಸಿದ: "ಊರು ತುಂಬಿತು. ಚೆನ್ನಾಜಮ್ಮ, ಸೌಟು ಕಟ್ಟು. ನಾಳೆಯಿಂದ ಅರಮನೆಯಲ್ಲೇ ಅಡುಗೆ."

ಸುತ್ತ ಜನ ನಿಂತಿದ್ದರು. ಗುರುಶಾಂತಪ್ಪ ಮಗನ ಕಡೆ ತಿರುಗಿ ಮೆಲ್ಲಗೆ "ಗಾಡಿ ಹೂಡು" ಎಂದ.

ದೊರೆಗೆ ಕೇಳಿಸಿತು. "ಯಾಕಯ್ಯಾ? ರಸ್ತೆಯಿದೆ, ಬಾವಿಯಿದೆ, ಸುಂಕವಿಲ್ಲ. ಇನ್ನೇನು ಬೇಕು?"

"ತಪ್ಪು ತಿಳಿಯಬೇಡಿ ಮಹಾಸ್ವಾಮಿ," ಗುರುಶಾಂತಪ್ಪ ಕೈಮುಗಿದ. "ನಾವು ಬಾವಿ ನೋಡಿ ಬಂದವರಲ್ಲ. ತಾವು ದಿನಾ ಬರುವುದನ್ನು ನೋಡಿ ಬಂದವರು. ತಾವು ಬರದಿದ್ದರೆ ಬಾವಿಗೆ ಹೂಳು ತುಂಬಲು ಎಷ್ಟು ಹೊತ್ತು?"

ದೊರೆ ಮೊದಲು ಹಿಗ್ಗಿದ. ಆಮೇಲೆ ತಟ್ಟೆ ನೋಡಿದ, ಒಲೆ ನೋಡಿದ, ಸಂಗರಸನನ್ನು ನೋಡಿದ. ಮುಖ ಕೆಂಪಾಯಿತು.

"ಎಲವೋ ಸಂಗರಸ! ಕಲ್ಲಿನ ಅಕ್ಷರದಂಥ ನನ್ನ ಮಾತು ಬಿಟ್ಟು, ನನ್ನ ಹೊಟ್ಟೆಯ ಮೇಲೆ ಊರು ಕಟ್ಟಿದೆಯಾ?"

ಸಂಗರಸ ಬಗ್ಗಿ ಕೈಮುಗಿದ.

"ಏನು ಮಾಡಲಿ ಪ್ರಭು? ತಮ್ಮ ಮಾತು ಬಲು ದೊಡ್ಡದು, ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ಹಸಿವು ಸಣ್ಣದು, ಆದರೆ ದಿನಾ ತಪ್ಪದೆ ಬರುತ್ತದೆ. ತಪ್ಪದೆ ಬರುವುದರ ಮೇಲೆ ಬುನಾದಿ ಹಾಕಿದೆ."

ಆಮೇಲೆ ದೊರೆ ನಕ್ಕ ನೋಡಿ, ಮಜ್ಜಿಗೆ ನೆತ್ತಿಗೇರಿತು! ಕೆಮ್ಮುತ್ತಾ, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, "ಗುರುಶಾಂತಪ್ಪ, ಎತ್ತು ಬಿಚ್ಚು. ಒಲೆ ಇಲ್ಲೇ ಇರುತ್ತದೆ, ನಾನೂ ಬರುತ್ತಿರುತ್ತೇನೆ" ಎಂದ. ಕೊರಳ ಮುತ್ತಿನ ಸರ ತೆಗೆದು ಸಂಗರಸನಿಗೆ ಹಾಕಲು ಕೈ ಚಾಚಿದ.

"ತಡೀರಿ ಪ್ರಭು!" ಚೆನ್ನಾಜಮ್ಮ ಚೊಂಬು ಹಿಡಿದು ಓಡಿಬಂದಳು. "ಸರ ಆಮೇಲೆ. ಮೊದಲು ಎಂಜಲು ಕೈ ತೊಳೀರಿ!"