ಟವೆಲ್ಲಿಗೊಂದು ಸೀಟು

ಪದ್ಮರಾಜಯ್ಯನವರು ವರ್ಷಕ್ಕೆರಡು ಸಲ ಪ್ರವಾಸಿ ಹಡಗು ಹತ್ತುವವರು. ಹೊಸಬರು ಸಿಕ್ಕರೆ ಉಪದೇಶ ಶುರು: "ಬೆಳಗಾಗುತ್ತಲೇ ಡೆಕ್ಕಿನ ಕುರ್ಚಿಗೆ ಟವೆಲ್ ಹಾಕಿಬಿಡಿ. ಆಮೇಲೆ ಆರಾಮಾಗಿ ತಿಂಡಿಗೆ ಹೋಗಿ." ಈ ಸಲವೂ ನೆರಳಿನ ಕುರ್ಚಿಗಳಲ್ಲೆಲ್ಲ ಅವರ ಮತ್ತು ಅವರ ಶಿಷ್ಯರ ಟವೆಲ್‌ಗಳೇ ಮಲಗಿದ್ದವು. ಮಂದಿ ಬಿಸಿಲಲ್ಲಿ ನಿಂತಿದ್ದರು.

ಬಸ್ ಕಂಡಕ್ಟರಾಗಿ ನಿವೃತ್ತರಾದ ಕೆಂಚಮ್ಮನವರಿಗೆ ಇದು ಮೊದಲ ಹಡಗು. ಮಂಡಿ ಬೇರೆ ನೋಯುತ್ತಿತ್ತು. ಒಂದು ಟವೆಲ್ಲನ್ನು ಮೆಲ್ಲಗೆ ಎತ್ತಿ, ತೊಡೆ ಮೇಲಿಟ್ಟುಕೊಂಡು ಕೂತರು.

ತಿಂಡಿ ಮುಗಿಸಿ ಬಂದ ಪದ್ಮರಾಜಯ್ಯ ಕೆಂಡವಾದರು. "ಏನಮ್ಮಾ, ಟವೆಲ್ ಕಾಣಿಸಲಿಲ್ವಾ?"

"ಕಾಣಿಸ್ತು ಸ್ವಾಮಿ. ಅದಕ್ಕೇ ತೊಡೆ ಮೇಲೆ ಕೂರಿಸ್ಕೊಂಡೆ. ಟಿಕೆಟ್ ಇಲ್ಲದ ಕೂಸಿಗೆ ನಮ್ಮ ಬಸ್ಸಲ್ಲಿ ಸೀಟಿಲ್ಲ."

ನಿಂತಿದ್ದವರೆಲ್ಲ ಒಂದೊಂದು ಕೂಸನ್ನೆತ್ತಿಕೊಂಡು ಕೂತೇಬಿಟ್ಟರು. ಕೆಂಚಮ್ಮ ತಮ್ಮ ತೊಡೆಯ ಟವೆಲ್ಲನ್ನು ಪದ್ಮರಾಜಯ್ಯನವರ ಕೈಗಿತ್ತರು.

"ಮಗೂನ ಹುಷಾರಾಗಿ ಹಿಡ್ಕೊಳ್ಳಿ. ಹಂಗೇ ಹಿಂದಕ್ಕೆ ಹೋಗ್ತಾ ಇರಿ, ಹಿಂದೆಲ್ಲ ಖಾಲಿ ಇದೆ!"