ಹನ್ನೆರಡು ಡಬ್ಬಿಯ ಸ್ಟೇಷನ್ನು

“ಅಜ್ಜಾ, ಪಡಸಾಲೆ ಚಿಕ್ಕದು, ಉಣ್ಣುವ ಮಂದಿ ಹೆಚ್ಚು. ನಾನು ಏನು ಮಾಡಲಿ?” ಎಂದು ಮಡಿವಾಳಯ್ಯ ಕೇಳಿದ.

ಮಡಿವಾಳಯ್ಯ ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ. ಊಟದ ಪಡಸಾಲೆಯಲ್ಲಿ ನೂರು ಜನ ಕೂರಬಹುದು, ಬರುವವರು ಈಗ ಮುನ್ನೂರು. ಮಠದವರೂ ಊರ ದೊಡ್ಡವರೂ ಒಳಗೆ ಉಣ್ಣುತ್ತಿದ್ದರು. ನಡೆದು ಬಂದವರು ಅಂಗಳದ ಬಿಸಿಲಿನಲ್ಲಿ ಉಣ್ಣುತ್ತಿದ್ದರು. ಹೊಸ ಪಡಸಾಲೆ ಕಟ್ಟಿಸಿಕೊಡಿ ಎಂದು ಅವನು ನಾಲ್ಕು ವರ್ಷದಿಂದ ಭಕ್ತರ ಬೆನ್ನು ಹತ್ತಿದ್ದ. ಅವರು ಆಗಲಿ ಆಗಲಿ ಎನ್ನುತ್ತಿದ್ದರೇ ಹೊರತು ಒಂದು ಇಟ್ಟಿಗೆಯೂ ಬಂದಿರಲಿಲ್ಲ. ಅಂಗಳದವರ ಗೊಣಗಾಟ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಅಷ್ಟು ಬಿಸಿಲು ತಾಳದವರು ಮಠಕ್ಕೆ ಯಾಕೆ ಬರಬೇಕು ಎಂದೂ ಅಂದುಬಿಟ್ಟ.

ಮಠದ ಸ್ವಾಮಿಗಳಾದ ಅಜ್ಜನವರು ಅವನ ಮುಖವನ್ನೊಮ್ಮೆ ನೋಡಿ, ಕೂತುಕೋ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸ್ಟೇಷನ್ ಮಾಸ್ತರನಿದ್ದ. ಸ್ಟೇಷನ್ನು ಹಳೆಯದು. ಅದರ ಪ್ಲಾಟ್‌ಫಾರ್ಮಿಗೆ ಹನ್ನೆರಡು ಡಬ್ಬಿಯ ಉದ್ದ. ಕಟ್ಟಿದವರ ಕಾಲಕ್ಕೆ ಅದೇ ದೊಡ್ಡದು. ಮುಂದಿನ ಕೊನೆಗೆ ಹಳ್ಳ, ಹಳ್ಳದ ಮೇಲೆ ಸೇತುವೆ. ಹಿಂದಿನ ಕೊನೆಗೆ ಗುಡ್ಡ, ಗುಡ್ಡವನ್ನು ಸೀಳಿ ಹಾಕಿದ ಹಳಿ. ಅತ್ತ ಬೆಳೆಸೋಣವೆಂದರೆ ನೀರು, ಇತ್ತ ಬೆಳೆಸೋಣವೆಂದರೆ ಕಲ್ಲು. ನಡುವೆ ಸ್ಟೇಷನ್ನು ಸಿಕ್ಕಿಹಾಕಿಕೊಂಡು ಕೂತಿತ್ತು.

ಆ ಊರಿನಲ್ಲಿ ದಿನಕ್ಕೊಂದು ಗಾಡಿ ನಿಲ್ಲುತ್ತಿತ್ತು, ಬೆಳಿಗ್ಗೆ, ಎರಡೇ ನಿಮಿಷ. ಹಾಲು ಮೊಸರು ಮಾರುವವರು, ಬೇನೆ ಬಿದ್ದವರು, ಕೋರ್ಟಿಗೆ ಅಲೆಯುವವರು ಎಲ್ಲರೂ ಅದರಲ್ಲೇ ಪಟ್ಟಣ ಸೇರಬೇಕು. ಬಸ್ಸೆಂದರೆ ಹಳ್ಳ ಸುತ್ತಿ ಅರ್ಧ ದಿನದ ದಾರಿ. ಗಾಡಿ ತಪ್ಪಿದರೆ ಆ ದಿನವೇ ತಪ್ಪಿದಂತೆ.

ಒಂದು ವರ್ಷ ಮೇಲಿನವರು ಆ ಗಾಡಿಯನ್ನು ಬದಲಿಸಿದರು. ಹನ್ನೆರಡು ಡಬ್ಬಿಯದು ಹೋಗಿ ಇಪ್ಪತ್ತೆರಡು ಡಬ್ಬಿಯ ಹೊಸ ಗಾಡಿ ಬಂತು. ನಡುವೆ ಮಲಗುವ ಡಬ್ಬಿಗಳು, ಅವುಗಳ ಹಿಂದೆ ಎ.ಸಿ. ಡಬ್ಬಿಗಳು. ಬಡವರು ಹತ್ತುವ ಜನರಲ್ ಡಬ್ಬಿ ಎರಡು ಮುಂದಿನ ತುದಿಗೆ, ಎರಡು ಹಿಂದಿನ ತುದಿಗೆ. ಗಾಡಿ ಬಂದು ನಿಂತರೆ ಮುಂದಿನ ಐದು ಡಬ್ಬಿ ಸೇತುವೆಯ ಮೇಲೆ, ಹಿಂದಿನ ಐದು ಡಬ್ಬಿ ಗುಡ್ಡದ ಸೀಳಿನಲ್ಲಿ. ಸೇತುವೆಯ ಮೇಲೆ ಕಾಲಿಡಲು ಜಾಗವಿಲ್ಲ. ಹಾಗಾಗಿ ಊರವರೆಲ್ಲ ಪ್ಲಾಟ್‌ಫಾರ್ಮ್ ಇಳಿದು, ಜಲ್ಲಿಕಲ್ಲಿನ ಮೇಲೆ ಹಿಂದಕ್ಕೆ ಓಡಿ, ಎದೆಮಟ್ಟದ ಮೆಟ್ಟಿಲಿಗೆ ಜೋತುಬಿದ್ದು ಹತ್ತಬೇಕಾಯಿತು. ಪ್ಲಾಟ್‌ಫಾರ್ಮಿನ ಮುಂದೆ ನಿಂತ ಹನ್ನೆರಡು ಡಬ್ಬಿಗೆ ಅವರು ಹತ್ತುವಂತಿರಲಿಲ್ಲ. ಹತ್ತಿದರೆ ದಂಡ.

ಮಾಸ್ತರನಿಗೆ ಮೊದಲು ಸಿಟ್ಟು ಬಂದದ್ದು ಜನರ ಮೇಲೆ. ತಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಗೊತ್ತಿದ್ದೂ ದಿನಾ ಪ್ಲಾಟ್‌ಫಾರ್ಮಿನಲ್ಲೇ ಕೂತಿರುತ್ತಾರೆ, ಗಾಡಿ ಬಂದ ಮೇಲೆ ಗಂಟುಮೂಟೆ ಹೊತ್ತು ಓಡುತ್ತಾರೆ. ಮೊದಲೇ ಅಲ್ಲಿ ಹೋಗಿ ನಿಲ್ಲಲು ಇವರಿಗೇನು ಧಾಡಿ ಎಂದು ಅವನು ಗೊಣಗಿದ. ಮೈಕಿನಲ್ಲಿ ಕೂಗಿದ, ಗೋಡೆಯ ಮೇಲೆ ಬರೆಸಿದ, ಒಬ್ಬೊಬ್ಬರನ್ನು ಹಿಡಿದು ಹೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಸ್ಟೇಷನ್ನಿಗೆ ಬಂದವರು ಸ್ಟೇಷನ್ನಿನಲ್ಲಿ ನಿಲ್ಲದೆ ಗುಡ್ಡದಲ್ಲಿ ಯಾಕೆ ನಿಲ್ಲಬೇಕು ಎಂದು ಅವರು ಕೇಳಿದರು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಸಿಟ್ಟು ಮೇಲಿನವರ ಕಡೆಗೆ ತಿರುಗಿತು. ಪ್ಲಾಟ್‌ಫಾರ್ಮ್ ಉದ್ದ ಮಾಡಿಸಿ ಎಂದು ಅರ್ಜಿ ಬರೆದ. ಉತ್ತರವಿಲ್ಲ. ಮತ್ತೆ ಬರೆದ. ಏಳು ವರ್ಷ ಬರೆದ. ಕಡತ ಹೆಗಲೇರುವಷ್ಟು ದಪ್ಪವಾಯಿತು, ಪ್ಲಾಟ್‌ಫಾರ್ಮ್ ಒಂದು ಗೇಣೂ ಬೆಳೆಯಲಿಲ್ಲ.

ನಡುವೆ ಮೂರು ಸಲ ಅಧಿಕಾರಿಗಳು ನೋಡಲು ಬಂದರು. ಅದೇ ಗಾಡಿಯಲ್ಲಿ ಬಂದರು, ಎ.ಸಿ. ಡಬ್ಬಿಯಲ್ಲಿ ಬಂದರು. ಅದು ಸರಿಯಾಗಿ ಮಾಸ್ತರನ ಕಚೇರಿಯ ಬಾಗಿಲ ಮುಂದೆ ನಿಲ್ಲುತ್ತಿತ್ತು. ಇಳಿದರು, ಎಳನೀರು ಕುಡಿದರು, ಟೇಪು ಹಿಡಿದು ಅಳೆದರು. ಗುಡ್ಡ ಕಡಿಯಬೇಕೆಂದು ಒಬ್ಬರು, ಸೇತುವೆ ಅಗಲ ಮಾಡಬೇಕೆಂದು ಇನ್ನೊಬ್ಬರು. ಗುಡ್ಡ ಅರಣ್ಯದವರದು, ಹಳ್ಳ ನೀರಾವರಿಯವರದು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮೂರನೆಯ ಸಲ ಬಂದವರು ವರದಿ ಬರೆದರು: ಪ್ರಯಾಣಿಕರು ಇಳಿಯಲು ಯಾವ ಅಡಚಣೆಯೂ ಕಂಡುಬರಲಿಲ್ಲ. ಬಾಗಿಲಿಗೆ ಬಂದು ಇಳಿದವರಿಗೆ ಅಡಚಣೆ ಎಲ್ಲಿಂದ ಕಾಣಬೇಕು? ಮಾಸ್ತರ ಅದನ್ನು ಓದಿ ಹಣೆ ಹಣೆ ಚಚ್ಚಿಕೊಂಡ.

ಆದರೆ ಒಂದು ಮಾತು, ಮಡಿವಾಳಯ್ಯ. ಮಾಸ್ತರನೂ ಆ ಗುಡ್ಡದ ಸೀಳಿಗೆ ಗಾಡಿಯ ಹೊತ್ತಿನಲ್ಲಿ ಒಂದು ದಿನವೂ ಹೋಗಿರಲಿಲ್ಲ. ಗಾಡಿ ಬಂದಾಗ ಅವನು ಕಚೇರಿಯ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಲ್ಲಬೇಕು. ಅದು ಅವನ ಕೆಲಸ. ಹಳಿ ಗುಡ್ಡದೊಳಗೆ ತಿರುಗುತ್ತಿದ್ದರಿಂದ ಅಲ್ಲಿ ನಿಂತವನಿಗೆ ಬಾಲದ ಡಬ್ಬಿ ಕಾಣುವುದಿಲ್ಲ. ಅವನ ಕಣ್ಣಿಗೆ ದಿನಾ ಬೀಳುತ್ತಿದ್ದದ್ದು ಎ.ಸಿ. ಡಬ್ಬಿಯ ಕಪ್ಪು ಗಾಜು. ಅದರ ಬಾಗಿಲು ತೆರೆಯುತ್ತಲೂ ಇರಲಿಲ್ಲ.

ಒಂದು ಬೆಳಿಗ್ಗೆ ಗಾಡಿ ಹೊರಟ ಮೇಲೆ ಗುಡ್ಡದ ಕಡೆಯಿಂದ ಕೂಗು ಕೇಳಿತು. ಮಾಸ್ತರ ಓಡಿದ. ಮೊಸರು ಮಾರುವ ಒಬ್ಬ ಹೆಂಗಸು ಜಲ್ಲಿಯ ಮೇಲೆ ಕೂತಿದ್ದಳು. ಗಾಡಿ ಅಲುಗಿದಾಗ ಮೆಟ್ಟಿಲಿನಿಂದ ಕಾಲು ಜಾರಿತ್ತು. ಗಡಿಗೆ ಒಡೆದಿತ್ತು, ಬಲಗೈ ಮಣಿಕಟ್ಟು ಮುರಿದಿತ್ತು. ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಚೆಲ್ಲಿದ ಮೊಸರನ್ನೇ ನೋಡುತ್ತಿದ್ದಳು. ಇನ್ನು ಒಂದು ಮಾರು ಆಚೆ ಬಿದ್ದಿದ್ದರೆ ಗಾಲಿಯ ಕೆಳಗೆ ಹೋಗುತ್ತಿದ್ದಳು.

ಆ ದಿನ ಅವನು ಕಿಡಿಕಿಡಿಯಾಗಿ ಬರೆದ. ಹೆಣ ಬಿದ್ದ ಮೇಲೆ ಬರುತ್ತೀರಾ ಎಂದು ಕೇಳಿಯೇಬಿಟ್ಟ. ಏಳು ವರ್ಷ ಬಾರದ ಉತ್ತರ ಎಂಟು ದಿನಕ್ಕೆ ಬಂತು. ನಿಮ್ಮ ನಿಲ್ದಾಣ ಈ ಗಾಡಿಗೆ ಸಾಲದಿರುವುದರಿಂದ, ಅಪಾಯ ತಪ್ಪಿಸುವ ಸಲುವಾಗಿ, ಬರುವ ತಿಂಗಳ ಒಂದನೆಯ ತಾರೀಖಿನಿಂದ ಗಾಡಿ ಅಲ್ಲಿ ನಿಲ್ಲುವುದಿಲ್ಲ. ನೆಗಡಿ ಬಂತೆಂದು ಮೂಗನ್ನೇ ಕೊಯ್ದರು. ಊರಿಗೆ ಇದ್ದದ್ದು ಒಂದು ಗಾಡಿ, ಅದೂ ಮಾಸ್ತರನ ಅರ್ಜಿಯಿಂದಲೇ ಹೋಗುವುದಾಯಿತು. ಅವನಿಗೆ ಅನ್ನ ಸೇರಲಿಲ್ಲ.

ಸುದ್ದಿ ಊರಿಗೆ ತಿಳಿಯಿತು. ಮರುದಿನ ಮೊಸರಿನವಳು ಕೈಗೆ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಬಂದಳು. ಗಾಡಿ ನಿಲ್ಲುವುದಿಲ್ಲವಂತೆ, ಹೌದೇ ಎಂದು ಕೇಳಿದಳು. ಗಾಡಿ ಹೋದರೆ ಅವಳ ಮೊಸರಿಗೆ ಪಟ್ಟಣವಿಲ್ಲ, ಪಟ್ಟಣವಿಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಮಾಸ್ತರ ಅವಳನ್ನು ಕೂರಿಸಿಕೊಂಡು ತನ್ನ ಏಳು ವರ್ಷದ ಗೋಳನ್ನೆಲ್ಲ ಹೇಳಿಕೊಂಡ. ಗುಡ್ಡದ ಕತೆ ಹೇಳಿದ, ಹಳ್ಳದ ಕತೆ ಹೇಳಿದ, ಕಡತ ಎತ್ತಿ ತೋರಿಸಿದ. ತಾನು ಮಾಡಬೇಕಾದ್ದೆಲ್ಲ ಮಾಡಿದ್ದೇನೆ, ಪ್ಲಾಟ್‌ಫಾರ್ಮ್ ಬೆಳೆಯದಿದ್ದರೆ ತಾನೇನು ಮಾಡಲಿ ಎಂದ. ಅವಳು ಎಲ್ಲ ಕೇಳಿಸಿಕೊಂಡಳು.

“ಸಾಹೇಬ್ರ, ನಿಮ್ಮ ಬಾಗಿಲ ಮುಂದ ನಿಂದ್ರೋ ಆ ತಣ್ಣನ ಡಬ್ಬಿಯಿಂದ ನಮ್ಮೂರಿಗೆ ದಿನಾ ಎಷ್ಟು ಮಂದಿ ಇಳೀತಾರ್ರಿ?”

“ಯಾರೂ ಇಲ್ಲವ್ವ. ವರ್ಷಕ್ಕೊಮ್ಮೆ ಮೇಲಿನ ಸಾಹೇಬರು ಬಂದರೆ ಬಂದರು.”

“ಹಂಗಾದ್ರ ಅದನ್ನ ಗುಡ್ಡದಾಗ ನಿಂದ್ರಸ್ರಿ. ನಮ್ಮ ಡಬ್ಬಿ ಇಲ್ಲಿ ನಿಂದ್ರಲಿ.”

ಮಾಸ್ತರನಿಗೆ ರೇಗಿತು. ಇದೇನು ಎತ್ತಿನ ಬಂಡಿಯೇ, ಬೇಕಾದಲ್ಲಿ ಹಗ್ಗ ಜಗ್ಗಲು? ಇಂಜಿನ್ನು ಎಲ್ಲಿ ನಿಲ್ಲಬೇಕೆಂದು ಹಳಿಯ ಪಕ್ಕ ಫಲಕ ನೆಟ್ಟಿರುತ್ತಾರೆ, ಡ್ರೈವರು ಅಲ್ಲಿಗೇ ತಂದು ನಿಲ್ಲಿಸುತ್ತಾನೆ, ಅದು ಮೇಲಿನವರ ಅಪ್ಪಣೆ ಎಂದು ಅವಳಿಗೆ ತಿಳಿಸಿ ಹೇಳಿದ. ಆ ಅಪ್ಪಣೆಯನ್ನು ತೋರಿಸಿಯೇ ಬಿಡೋಣವೆಂದು ಕಡತದ ತಳದ ಕಾಗದ ತೆಗೆದ.

ತಳದಲ್ಲಿ ಇದ್ದದ್ದು ಅಪ್ಪಣೆಯಲ್ಲ, ಪ್ರಶ್ನೆ. ಉದ್ದದ ಗಾಡಿ ಬರಲಿದೆ, ಇಂಜಿನ್ನು ಎಲ್ಲಿ ನಿಂತರೆ ಅನುಕೂಲ, ಸ್ಟೇಷನ್ ಮಾಸ್ತರರು ತಿಳಿಸಬೇಕು ಎಂದು ಮೇಲಿನವರು ಕೇಳಿದ್ದರು. ಅದರ ಕೆಳಗೆ ಉತ್ತರವಿತ್ತು. ಎ.ಸಿ. ಡಬ್ಬಿ ಕಚೇರಿಯ ಬಾಗಿಲಿಗೆ ಸರಿಯಾಗಿ ಬರುವಂತೆ ನಿಲ್ಲಲಿ. ಅಕ್ಷರ ಅವನದು, ಸಹಿ ಅವನದು. ಯಾರಾದರೂ ಅಧಿಕಾರಿ ಬಂದು ಜಲ್ಲಿಯಲ್ಲಿ ಇಳಿಯುವಂತಾದರೆ ತನಗೆ ಬೈಗುಳ ತಪ್ಪದೆಂದು ಏಳು ವರ್ಷದ ಹಿಂದೆ ಹೆದರಿ ಬರೆದಿದ್ದ, ಬರೆದು ಮರೆತಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದ. ಅವನು ಕಾಗದವನ್ನು ಕೆಳಗಿಟ್ಟ, ಅವಳ ಪಟ್ಟಿ ಕಟ್ಟಿದ ಕೈ ನೋಡಿದ. ಆ ಕೈ ಮುರಿದದ್ದು ಗುಡ್ಡವಲ್ಲ, ಹಳ್ಳವಲ್ಲ, ತಾನು ಎಂದು ಅವನಿಗೆ ತಿಳಿಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವತ್ತೇ ಎರಡು ಸಾಲು ಬರೆದು ಕಳಿಸಿದ. ಫಲಕವನ್ನು ಐದು ಡಬ್ಬಿಯಷ್ಟು ಹಿಂದಕ್ಕೆ ನೆಡಲು ಒಪ್ಪಿಗೆ ಬೇಕು ಎಂದು. ಗುಡ್ಡ ಕಡಿಯುವ ಮಾತಿಲ್ಲ, ಖರ್ಚಿಲ್ಲ, ಯಾರ ಗಂಟೂ ಹೋಗುವುದಿಲ್ಲ. ನಾಲ್ಕು ದಿನಕ್ಕೆ ಒಪ್ಪಿಗೆ ಬಂತು. ಇಬ್ಬರು ಕೆಲಸದವರು ಹಾರೆ ಹಿಡಿದು ಫಲಕ ಕಿತ್ತು ಸೇತುವೆಯ ಈಚೆಗೆ ನೆಟ್ಟರು. ಅರ್ಧ ಗಂಟೆಯ ಕೆಲಸ. ಮರುದಿನ ಗಾಡಿ ಸೇತುವೆ ಮುಟ್ಟದೆ ನಿಂತಿತು. ಮುಂದಿನ ಜನರಲ್ ಡಬ್ಬಿಗಳು ಪ್ಲಾಟ್‌ಫಾರ್ಮಿಗೆ ಬಂದವು, ಎ.ಸಿ. ಡಬ್ಬಿಗಳು ಗುಡ್ಡದೊಳಗೆ ಹೋದವು. ಜನ ಕೂತಲ್ಲಿಂದ ಎದ್ದರು, ಹತ್ತಿದರು, ಅಷ್ಟೆ. ಮೊಸರಿನವಳು ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತಿದಳು. ಗಾಡಿ ನಿಲ್ಲಿಸಬಾರದೆಂಬ ಆದೇಶವನ್ನು ಮೇಲಿನವರು ಸದ್ದಿಲ್ಲದೆ ಹಿಂದಕ್ಕೆ ಪಡೆದರು.

ಇನ್ನೂ ಇದೆ, ಕೇಳು. ಎರಡು ತಿಂಗಳ ಮೇಲೆ ಒಬ್ಬ ದೊಡ್ಡ ಅಧಿಕಾರಿ ತಪಾಸಣೆಗೆ ಬಂದ. ಎಂದಿನಂತೆ ಎ.ಸಿ. ಡಬ್ಬಿಯ ಬಾಗಿಲು ತೆರೆದ. ಎದುರಿಗೆ ಕಚೇರಿಯ ಬಾಗಿಲೂ ಇಲ್ಲ, ಎಳನೀರೂ ಇಲ್ಲ, ಕೆಳಗೆ ಆಳದಲ್ಲಿ ಜಲ್ಲಿಕಲ್ಲು. ಕಂಬಿ ಹಿಡಿದು ಒಂದು ಕಾಲು ಇಳಿಬಿಟ್ಟ, ನೆಲ ಸಿಗಲಿಲ್ಲ. ಗಾಡಿ ಹೊರಡುವ ಕೂಗು ಹಾಕಿತು. ಧುಮುಕಿದ, ಮೊಣಕಾಲೂರಿ ಬಿದ್ದ. ಹರಿದ ಪ್ಯಾಂಟಿನಲ್ಲಿ ಅಷ್ಟು ದೂರ ಕಲ್ಲು ತುಳಿದುಕೊಂಡು ಕಚೇರಿಗೆ ಬಂದ. ಮಾಸ್ತರ ತನ್ನ ನೌಕರಿ ಹೋಯಿತೆಂದೇ ತಿಳಿದ. ಅಧಿಕಾರಿ ಬೈಯಲೂ ಇಲ್ಲ, ಚಹಾ ಕುಡಿಯಲೂ ಇಲ್ಲ. ಕೂತು ಮೊಣಕಾಲು ಉಜ್ಜಿಕೊಂಡು, ಈ ಪ್ಲಾಟ್‌ಫಾರ್ಮ್ ಎಷ್ಟು ಉದ್ದವಿದೆ ಎಂದು ಕೇಳಿದ. ತಿಂಗಳೊಳಗೆ ಅರಣ್ಯದವರ ಒಪ್ಪಿಗೆ ಬಂತು, ಅದರ ಹಿಂದೆಯೇ ಗುಡ್ಡ ಕಡಿಯುವ ಯಂತ್ರ ಬಂತು. ಏಳು ವರ್ಷದ ಅರ್ಜಿಗೆ ಆಗದ್ದು ಒಂದು ಮೊಣಕಾಲಿಗೆ ಆಯಿತು. ಮಾಸ್ತರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ಮಡಿವಾಳಯ್ಯ ತಲೆ ಕೆರೆದುಕೊಂಡ. ನಡೆದು ಬಂದವರನ್ನು ಒಳಗೆ ಕೂರಿಸಬಹುದು, ಆದರೆ ಊರ ದೊಡ್ಡವರಿಗೆ ಅಂಗಳದಲ್ಲಿ ಕೂರಿ ಎಂದು ಹೇಳುವವರು ಯಾರು, ಹೇಳಿದರೆ ಅವರು ಕೇಳುತ್ತಾರೆಯೇ ಎಂದ.

“ಅವರಿಗೆ ಏನೂ ಹೇಳಬೇಡ, ನಾಳೆಯಿಂದ ನನ್ನ ತಟ್ಟೆಯನ್ನೂ ನಿನ್ನ ತಟ್ಟೆಯನ್ನೂ ಅಂಗಳದ ಬಿಸಿಲಿನಲ್ಲಿ ಇಡು” ಎಂದರು ಅಜ್ಜನವರು.

ಮಡಿವಾಳಯ್ಯ ಎದ್ದು, ಎರಡು ತಟ್ಟೆಗೆ ಜಾಗ ನೋಡಲು ಅಂಗಳಕ್ಕೆ ಇಳಿದ.