ಮೂರು ದಿನದ ಪತಂಗ

“ಸಾವಿರದ ಒಂಬೈನೂರ ಎಪ್ಪತ್ನಾಲ್ಕು, ಡಿಸೆಂಬರ್ ಒಂಬತ್ತು, ಸೋಮವಾರ. ಪಕ್ಕದ ಮನೆಯ ಸೆಗೋ ಅಮ್ಮ, ಇಲ್ಲಿಯವರ ಬಾಯಲ್ಲಿ ಮ್ಮಾ ಸೆಗೋ, ಹೇಳಿದ ಕತೆ.” ತಾನು ಬೋಟ್ಸ್ವಾನಾದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ಡೈರಿಯಲ್ಲಿ ಅಷ್ಟು ಓದಿ, ಅಜ್ಜಿ ಕನ್ನಡಕ ತೆಗೆದಿಟ್ಟಳು. ಮೊಮ್ಮಗಳು ಇಂಚರ ಆಗಲೇ ಅವಳ ಸೆರಗು ಹಿಡಿದು ಮಗ್ಗುಲಾಗಿದ್ದಳು.

ಒಂದಾನೊಂದು ಕಾಲದಲ್ಲಿ, ಈ ಡೈರಿಗಿಂತ ಎಷ್ಟೋ ಹಿಂದೆ, ಆ ಸೀಮೆಯ ಒಂದೂರಿನ ಪಕ್ಕ ಮೊಪಾನೆ ಮರದ ತೋಪು ಇತ್ತಂತೆ. ಎಲೆ ಥೇಟ್ ನಮ್ಮ ಬಸವನಪಾದದ ಹಾಗೆ, ಎರಡು ಹೋಳು. ಮಳೆ ಬಿದ್ದರೆ ಸಾಕು, ಎಲೆ ತುಂಬ ಬೆರಳುದ್ದದ ಹುಳ. ಅದನ್ನ ಹೆಂಗಸರು ಕಿತ್ತು, ಉಪ್ಪುನೀರಲ್ಲಿ ಬೇಯಿಸಿ, ಒಣಗಿಸಿ, ನಾವು ಸಂಡಿಗೆ ಇಟ್ಟುಕೊಳ್ಳೋ ಹಾಗೆ ವರ್ಷಕ್ಕಾಗೋಷ್ಟು ಇಟ್ಟುಕೊಳ್ಳೋರಂತೆ.

ಥೂ, ಹುಳಾನ ತಿಂತಾರಾ ಅಜ್ಜಿ?

ನೀನು ಜೇನು ನೆಕ್ಕಲ್ವಾ, ಅದೂ ಹುಳದ ಬಾಯಿಂದ ಬಂದದ್ದೇ. ಸುಮ್ನೆ ಕೇಳು.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಮರದ ಮೇಲಿನ ಹುಳ ನಮ್ಮದು, ಮರ ಇಳಿಯೋ ಹುಳ ಮಣ್ಣಿನದು. ಅಲ್ಲೊಬ್ಬಳಿಗೆ ಮೂವರು ಹೆಣ್ಣುಮಕ್ಕಳು, ಕಿರಿಯವಳು ಪುಲಾನೆ. ಹುಳ ಕೀಳೋವಾಗ ಅವಳ ಅರೆಬರೆ ತುಂಬಿದ ಬುಟ್ಟಿ ನೋಡಿ, ಅದೇನು ಬುಟ್ಟೀನೋ ಗುಬ್ಬಿಗೂಡೋ ಅಂತ ಅಕ್ಕಂದಿರು ನಕ್ಕರಂತೆ. ಪುಲಾನೆಗೆ ರೋಷ ಬಂತು, ಆಮೇಲೆ ಬೊಡ್ಡೆ ಮೇಲೆ ಇಳೀತಿದ್ದವನ್ನೂ ಬಾಚಿ ಬುಟ್ಟಿ ತುಂಬಿಸಿಬಿಟ್ಟಳಂತೆ. ಅವಳನ್ನ ನೋಡಿ ಅಕ್ಕಂದಿರು, ಅಕ್ಕಂದಿರನ್ನ ನೋಡಿ ಊರು. ಮಾರನೇ ವರ್ಷ ಮಳೆ ಬಂತು, ಎಲೆ ಬಂತು, ಒಂದೆಲೆ ಮೇಲೂ ಕಚ್ಚಿದ ಗುರುತಿಲ್ಲ. ತೋಪು ನೋಡೋಕೆ ಚಂದ, ಮಡಕೆಗಳು ಮಾತ್ರ ಖಾಲಿ.

ಶುರು ಮಾಡಿದೋಳು ನಾನು, ಹುಳಾನ ವಾಪಸ್ ತರೋಳೂ ನಾನೇ ಅಂತ ಪುಲಾನೆ ಎರಡು ದಿನ ನಡೆದು ಇನ್ನೊಂದು ಕಾಡಿಗೆ ಹೋದಳಂತೆ. ಅಲ್ಲೊಬ್ಬಳು ಮುದುಕಿ, ಮುಚ್ಚಳದ ಬುಟ್ಟಿಯಲ್ಲಿ ಒಂದು ಪತಂಗ ಇಟ್ಟುಕೊಟ್ಟಳು. ಅಂಗೈಗಿಂತ ಅಗಲ, ಹಿಂದಿನ ರೆಕ್ಕೆ ಮೇಲೆ ಕಿತ್ತಳೆ ಬಣ್ಣದ ಎರಡು ದೊಡ್ಡ ಕಣ್ಣು. ಇವಳ ಹೊಟ್ಟೆ ತುಂಬ ನಿಮ್ಮ ಹುಳದ ಮೊಟ್ಟೆ ಮಗಳೇ, ಇರೋದು ಮೂರೇ ದಿನ, ಬೇಗ ಮರ ಮುಟ್ಟಿಸು ಅಂದಳಂತೆ.

ಪುಲಾನೆ ಓಡಿದ್ದೇ ಓಡಿದ್ದು. ದಾರೀಲಿ ಅದು ಹಸಿದು ಸತ್ತೀತು ಅಂತ ಹೆದರಿ ಹಾಲು ಇಟ್ಟಳು, ಮುಟ್ಟಲಿಲ್ಲ. ಆಮೇಲೆ ಜೇನು ಇಟ್ಟಳು, ಮುಟ್ಟಲಿಲ್ಲ. ಆಮೇಲೆ ತನ್ನ ಪಾಲಿನ ಗಂಜೀನೇ ಇಟ್ಟು, ತಿನ್ನೇ ಮಹಾರಾಯ್ತಿ, ನೀನು ಸತ್ತರೆ ನಮ್ಮೂರೇ ಸಾಯ್ತದೆ ಅಂತ ಅತ್ತಳಂತೆ. ಅಷ್ಟರಲ್ಲಿ ಒಂದು ಮಂಗಟ್ಟೆ ಹಕ್ಕಿ ಬುಟ್ಟಿಗೇ ಎರಗಿತು. ಪತಂಗ ಪಟ್ಟಂತ ರೆಕ್ಕೆ ಬಿಚ್ಚಿ ಆ ಎರಡು ಕಣ್ಣು ತೋರಿಸ್ತು ನೋಡು, ಹಕ್ಕಿ ಬೆಚ್ಚಿ ಹಾರಿಹೋಯ್ತಂತೆ!

ಆಗ ಪುಲಾನೆ ಹತ್ತಿರ ಬಗ್ಗಿ ನೋಡ್ತಾಳೆ, ಅದಕ್ಕೆ ತಿನ್ನೋ ಬಾಯೇ ಇಲ್ಲ.

ಬಾಯಿಲ್ಲದೆ ಹೆಂಗೆ ಬದುಕುತ್ತೆ? ಇಂಚರ ಎದ್ದು ಕೂತಳು.

ಹುಳವಾಗಿದ್ದಾಗ ಎಲೆ ತಿಂದು ಕೂಡಿಟ್ಟಿರುತ್ತಲ್ಲ, ಅದೇ ಬುತ್ತಿ. ಅದನ್ನ ಹೊತ್ತುಕೊಂಡೇ ಮರ ಇಳಿಯೋದು, ಮಣ್ಣಲ್ಲಿ ತಿಂಗಳುಗಟ್ಟಲೆ ಮಲಗೋದು, ಎದ್ದು ಹಾರೋದು. ಬೊಡ್ಡೆ ಮೇಲೆ ತಾನು ಬಾಚಿದ್ದು ಯಾರನ್ನ ಅಂತ ಪುಲಾನೆಗೆ ಆಗ ತಿಳೀತಂತೆ. ಗಂಜಿ ಅಲ್ಲೇ ಬಿಟ್ಟು ಎದ್ದು ಓಡಿದಳು.

ಎರಡನೇ ಸಂಜೆ ತೋಪು ಸಿಕ್ತು. ರೆಕ್ಕೆ ಅಂಚು ಹರಿದಿತ್ತು, ಆದರೂ ಪತಂಗ ಎಲೆಗೆಲ್ಲ ಮೊಟ್ಟೆ ಅಂಟಿಸಿ, ಮೂರನೇ ದಿನ ಮುಗಿಯೋ ಹೊತ್ತಿಗೆ ಪುಲಾನೆಯ ಅಂಗೈ ಮೇಲೇ ತಣ್ಣಗಾಯ್ತಂತೆ. ಹತ್ತು ದಿನಕ್ಕೆ ಮರಿ. ಆ ವರ್ಷ ಯಾರೂ ಒಂದೂ ಕೀಳಲಿಲ್ಲ. ಇಳಿಯೋ ಹುಳಕ್ಕೆಲ್ಲ ಅಕ್ಕತಂಗಿ ಮೂವರೂ ಕಾವಲು. ಆಮೇಲಿನ ಮಳೆಗೆ ತೋಪು ತುಂಬ ಹುಳ, ಮಡಕೆ ತುಂಬ ಊಟ, ಎಲ್ಲರೂ ಚೆನ್ನಾಗಿದ್ದರಂತೆ. ಅಲ್ಲಿಗೆ ಅವರ ಕತೆ ಮುಗೀತು, ನಿನ್ನ ನಿದ್ದೆ ಶುರುವಾಗಲಿ.

ಇಂಚರ ಮಲಗಿದ ಮೇಲೆ ಅಜ್ಜಿ ಆ ಪುಟದ ಕೊನೆಯ ಸಾಲು ಇನ್ನೊಮ್ಮೆ ಓದಿದಳು. ತಗಲಿದ ವೆಚ್ಚ: ಊರಿಗೆ ಒಂದು ವರ್ಷದ ಹಸಿವು, ಪುಲಾನೆಗೆ ನಾಲ್ಕು ದಿನದ ನಡಿಗೆ, ಪತಂಗಕ್ಕೆ ಅದರ ಮೂರು ದಿನವೂ.